ಆಣಿಗೆ ಬ್ಲೇಡ್ ಹಿಡಿಯಬೇಡಿ

ಮೊನ್ನೆ ಮೊಮ್ಮಗ ತೋಟದಿಂದ ಬಂದವನೇ ಜಗಲಿಯಲ್ಲಿ ಕೂತು ಬ್ಲೇಡಿನಲ್ಲಿ ಕಿರುಬೆರಳಿನ ಆಣಿ ಕೆತ್ತುತ್ತಿದ್ದ. ಕಿತ್ತುಕೊಂಡೆ. 'ಬೇರು ತೆಗೀತಿದ್ದೀನಿ ಅಜ್ಜಿ' ಅಂತಾನೆ. ಆಣಿಗೆ ಎಲ್ಲಿಯ ಬೇರು? ಒಂದೇ ಜಾಗ ದಿನವೂ ಒತ್ತಿದರೆ, ಉಜ್ಜಿದರೆ, ಚರ್ಮ ದಪ್ಪವಾಗುತ್ತದೆ. ಅಗಲವಾಗಿ ಗಟ್ಟಿಯಾದರೆ ದಡ್ಡು. ಚಿಕ್ಕದಾಗಿ, ನಡುವೆ ಗಟ್ಟಿ ತಿರುಳು ಕೂತು ಮೊಳೆಯ ಹಾಗೆ ಒಳಗೆ ಚುಚ್ಚಿದರೆ ಆಣಿ. ಅವನ ಗಂಬೂಟಿನೊಳಗೆ ಕೈ ಹಾಕಿ ನೋಡಿದೆ. ಕಿರುಬೆರಳು ಕೂರುವ ಕಡೆ ಅಸ್ತರು ಮಡಿಚಿಕೊಂಡು ಕಲ್ಲಾಗಿತ್ತು. ಅದನ್ನು ಬಿಟ್ಟು ಕಾಲು ಕೆತ್ತಿದರೆ ಮತ್ತೆ ಬರದೆ ಇರುತ್ತದಾ?

ನೋಯದ ದಡ್ಡನ್ನು ಸುಮ್ನೆ ಬಿಡಿ. ನಮ್ಮ ಅತ್ತೆ ನಾಟಿ ಗದ್ದೆಗೂ ಬರಿಗಾಲು, ಸುಡು ಬಿಸಿಲಲ್ಲಿ ಕಣದ ಕಾಫಿ ಕೆದಕುವುದಕ್ಕೂ ಬರಿಗಾಲು. ಅಂಗಾಲು ಮರದ ತೊಗಟೆ ಹಾಗಿತ್ತು, ಒಂದು ದಿನ ಕುಂಟಿದ್ದು ನಾನು ಕಾಣೆ. ಈಗ ಜಿಗಣೆಗೆ ಹೆದರಿ ಬೂಟು ಹಾಕುತ್ತೀರಿ, ಹಾಕಿ. ಆದರೆ ಸಂಜೆ, ಕಾಲು ಊದಿರುವ ಹೊತ್ತಲ್ಲಿ, ಸಾಕ್ಸ್ ಸಮೇತ ಹಾಕಿ ನೋಡಿ ಕೊಂಡುಕೊಳ್ಳಿ. ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬೇಕು. ತೀರಾ ಸಡಿಲವಾದರೂ ಉಜ್ಜುತ್ತದೆ. ಅಂದ ಹಾಗೆ, ಒದ್ದೆ ಬೂಟನ್ನು ಒಲೆ ಪಕ್ಕ ಇಟ್ಟು ಸೀಳಿಸಬೇಡಿ. ಹಳೇ ಪೇಪರ್ ತುರುಕಿ, ಮಾರನೇ ದಿನ ಬದಲಿಸಿ. ಎಷ್ಟು ಸಲ ಹೇಳಿದೆನೋ!

ಈಗ ಕಾಲಿನ ಕೆಲಸ. ರಾತ್ರಿ ಊಟ ಮುಗಿಸಿ ಮಾಡಿ, ಅವಸರಕ್ಕೆ ಇದು ಆಗುವುದಿಲ್ಲ. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ. ಕೂಸಿಗೆ ಸ್ನಾನ ಮಾಡಿಸುವ ಹದ ಇರಬೇಕು. ಕಾಲಿಟ್ಟು ಕೂತುಬಿಡಿ. ದಡ್ಡಿಗೆ ಉಗುರು ಒತ್ತಿದರೆ ನೆನೆದ ಕಡಲೆಬೇಳೆ ಹಾಗೆ ಗುರುತು ಬೀಳುವ ತನಕ ಏಳಬೇಡಿ. ಕಾಲುಜ್ಜುವ ಕಲ್ಲನ್ನೂ ನೆನೆಸಿಕೊಳ್ಳಿ, ಒಣ ಕಲ್ಲು ಚರ್ಮ ಹರಿಯುತ್ತದೆ. ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯಿರಿ, ಹಿಂದೆ ಮುಂದೆ ತಿಕ್ಕಬೇಡಿ. ಬೆಳ್ಳಗೆ ಹಿಟ್ಟಿನಂಥದ್ದು ಕಲ್ಲಿಗೆ ಅಂಟುತ್ತದೆ. ಅದನ್ನು ತೊಳೆದು ಮತ್ತೆ ಎಳೆಯಿರಿ. ನಾಲ್ಕೈದು ಸಲಕ್ಕೊಮ್ಮೆ ಬೆರಳಿಂದ ಸವರಿ ನೋಡಿ. ಚರ್ಮ ಕೆಂಪಾಗುವ ಮೊದಲೇ ನಿಲ್ಲಿಸಿ, ಉಳಿದದ್ದು ಇನ್ನೊಂದು ದಿನಕ್ಕೆ. ಬೆರಳ ಸಂದಿ ಸೇರಿಸಿ ಒರೆಸಿ, ದಡ್ಡಿಗೆ ತೆಂಗಿನೆಣ್ಣೆ ತಿಕ್ಕಿ, ಹತ್ತಿ ಸಾಕ್ಸ್ ಹಾಕಿ ಮಲಗಿ. ಸಂದಿಗೆ ಮಾತ್ರ ಎಣ್ಣೆ ಬೇಡ. ಅಲ್ಲಿ ಒದ್ದೆ ನಿಂತರೆ, ಸಂದಿಯಲ್ಲೇ ಏಳುವ ಮೆತ್ತನೆಯ ಆಣಿ ಇನ್ನೂ ಕೆಡುತ್ತದೆ.

ಮೆಡಿಕಲ್ ಶಾಪಿನ ಆಣಿ ಪಟ್ಟಿಯಲ್ಲಿ ಸ್ಯಾಲಿಸಿಲಿಕ್ ಆಸಿಡ್ ಇರುತ್ತದೆ, ಪಕ್ಕದ ಒಳ್ಳೆ ಚರ್ಮವನ್ನೂ ತಿನ್ನುತ್ತದೆ. ಕಪ್ಪು ಚುಕ್ಕಿ ಇದ್ದು, ಎರಡೂ ಕಡೆಯಿಂದ ಹಿಂಡಿದಾಗ ಜಾಸ್ತಿ ನೋಯುತ್ತಿದ್ದರೆ ಅದು ಆಣಿಯಲ್ಲ, ನರಹುಲಿ ಇರಬಹುದು. ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರು ಕಲ್ಲನ್ನೂ ಮುಟ್ಟಬೇಡಿ, ಪಟ್ಟಿಯನ್ನೂ ಹಚ್ಚಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ಆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ನೀರಿನ ಬಿಸಿಯೂ ತಿಳಿಯುವುದಿಲ್ಲ, ಗಾಯ ಆದದ್ದೂ ತಿಳಿಯುವುದಿಲ್ಲ.