ಬಾವಿಯಲ್ಲಿ ಕಲಿತ ಈಜು, ಪೂಲಿನಲ್ಲಿ ಕೊಟ್ಟ ಪರೀಕ್ಷೆ

ನನಗೆ ಈಜು ಕಲಿಸಿದ್ದು ನಮ್ಮಜ್ಜ, ಚನ್ನಗಿರಿ ಕಡೆಯ ಅಡಿಕೆ ತೋಟದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಹಗ್ಗದ ತುದಿ ಕೈಯಲ್ಲಿ ಹಿಡಿದು, ಮೆಟ್ಟಿಲ ಮೇಲಿಂದ ತಳ್ಳಿಬಿಡುತ್ತಿದ್ದ. ಕೊಡ ಕಳಚಿ ಬಾವಿಗೆ ಬಿದ್ದರೆ, ಮನೆಯಲ್ಲಿ ಅದನ್ನು ಎತ್ತುವ ಕೊಕ್ಕೆ, ಪಾತಾಳಗರಡಿ, ಇದ್ದರೂ ನನ್ನನ್ನೇ ಇಳಿಸುತ್ತಿದ್ದ. ಹಾಗಾಗಿ 32ನೇ ವಯಸ್ಸಿಗೆ ದಾವಣಗೆರೆಯ ಒಂದು ಪೂಲಿನಲ್ಲಿ ಲೇಡೀಸ್ ಬ್ಯಾಚಿಗೆ ಈಜು ಹೇಳಿಕೊಡುವ ಕೆಲಸ ಸಿಕ್ಕಿದಾಗ, 'ಲೈಫ್‌ಗಾರ್ಡ್ ಸರ್ಟಿಫಿಕೇಟ್ ಮಾಡಿಸ್ಕೊಂಡು ಬನ್ನಿ' ಅಂದಿದ್ದು ನನಗೆ ಸುಮ್ನೆ ಒಂದು ಕಾಗದದ ಕೆಲಸ ಅನ್ನಿಸಿತ್ತು.

ವಿಚಾರಿಸಿದೆ. ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ಅಂತ ಒಂದಿದೆ. ಗೋವಾದಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ನನಗೆ ಮಕ್ಕಳ ಪರೀಕ್ಷೆ, ಅತ್ತೆಯ ಮಂಡಿನೋವು ಎಲ್ಲ ನೋಡಿಕೊಂಡು ಹೊಂದಿದ್ದು ಬೆಂಗಳೂರಿನ ಒಂದು ಬ್ಯಾಚು.

ಮೊದಲ ದಿನವೇ ನೀರು ಕುಡಿದೆ. ಟ್ರೇನರ್ ಸರ್ ಆಳದ ಕಡೆ ಹೋಗಿ ಮುಳುಗುವವರ ಹಾಗೆ ಒದ್ದಾಡುತ್ತಾ, 'ಬನ್ನಿ ಮೇಡಂ, ಕಾಪಾಡಿ' ಅಂದರು. ನಾನು ಜಿಗಿದೆ. ಸೀದಾ ಎದುರಿಗೆ ಹೋಗಿ ಕೈ ಚಾಚಿದೆ. ಕೈ ಸಿಕ್ಕಿದ್ದೇ ತಡ, ಅಷ್ಟು ದೊಡ್ಡ ಆಳು ನನ್ನ ಕುತ್ತಿಗೆ ತಬ್ಬಿ ಹೆಗಲೇರಿ ಕೂತರು. ನಾನು ಮೇಲೆ ಬರೋಕೆ ಕಾಲು ಹೊಡೆದಷ್ಟೂ ಅವರ ಹಿಡಿತ ಬಿಗಿಯಾಯಿತು. ಕೊನೆಗೆ ಅವರೇ ಬಿಟ್ಟರು. 'ಈಗ ನಾನೂ ಹೋದೆ, ನೀವೂ ಹೋದ್ರಿ' ಅಂದರು, ಕಾಫಿ ಆಯ್ತಾ ಅಂತ ಕೇಳುವಷ್ಟು ತಣ್ಣಗೆ.

ಆಮೇಲೆ ಬಿಡಿಸಿಕೊಳ್ಳುವುದು ಹೇಳಿಕೊಟ್ಟರು. ಒಂದು ಉಸಿರು ಎಳೆದು, ಗದ್ದ ಎದೆಗೆ ಒತ್ತಿ, ಕೆಳಕ್ಕೆ ಹೋಗಿಬಿಡಬೇಕು. ಮುಳುಗುವವನಿಗೆ ಬೇಕಾಗಿರೋದು ಮೇಲಿರೋದು. ನೀವು ಕೆಳಗೆ ಹೊರಟರೆ ಅವನೇ ಕೈ ಬಿಡುತ್ತಾನೆ. ಆಗ ಅವನ ಮೊಣಕೈ ಮೇಲಕ್ಕೆ ತಳ್ಳಿ ಜಾರಿಕೊಳ್ಳಬೇಕು. ಕೇಳೋಕೆ ಸುಲಭ. ಆದರೆ ಉಸಿರು ಕಟ್ಟಿದಾಗ ಇನ್ನೂ ಕೆಳಗೆ ಹೋಗು ಅಂದರೆ ಮೈ ಒಪ್ಪಬೇಕಲ್ಲ? ನನ್ನದು ಒಪ್ಪೋಕೆ ಮೂರು ದಿನ ಹಿಡಿಯಿತು.

ನೀರಿಗೆ ಇಳಿಯುವುದು ಕೊನೆಯ ದಾರಿ ಅನ್ನುವುದು ನನಗೆ ಬಾವಿ ಹೇಳಿಕೊಡದೇ ಇದ್ದ ಪಾಠ. ಮೊದಲು ದಡದಿಂದ ಕೂಗಿ ಮಾತಾಡಿಸಬೇಕು. ಆಮೇಲೆ ಕೋಲೋ ದುಪಟ್ಟಾವೋ ಚಾಚಬೇಕು. ಎಟುಕದಿದ್ದರೆ ಹಗ್ಗ ಎಸೆಯಬೇಕು. ಯಾವುದೂ ಆಗದಿದ್ದಾಗ ಈಜು. ಅದೂ ಬರಿಗೈಲಿ ಅಲ್ಲ, ರೆಸ್ಕ್ಯೂ ಟ್ಯೂಬ್ ಅನ್ನೋ ತೇಲುವ ಉದ್ದನೆಯ ದಿಂಬು ಹಿಡಿದು, ಅದನ್ನು ಅವನಿಗೂ ನಮಗೂ ನಡುವೆ ಇಟ್ಟುಕೊಂಡು. ನಮ್ಮೂರ ಕಡೆ ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಹೋದರು ಅನ್ನೋ ಸುದ್ದಿ ಎಷ್ಟು ಸಲ ಓದಿಲ್ಲ?

ಒಂದು ವಿಷಯದಲ್ಲಿ ಮಾತ್ರ ಅಜ್ಜ ಗೆದ್ದ. ಪೂಲಿಗೆ ಸೇರಿದಾಗಿನಿಂದ ಎಲ್ಲರೂ 'ಮುಖ ನೀರೊಳಗೆ ಹಾಕಿ, ಹಳ್ಳಿ ಈಜು ಬಿಡಿ' ಅಂತ ನನ್ನ ತಲೆ ತಿನ್ನುತ್ತಿದ್ದರು. ಇಲ್ಲಿ ನೋಡಿದರೆ ಮುಳುಗುವವರ ಹತ್ತಿರ ಹೋಗುವಾಗ ತಲೆ ಎತ್ತಿಯೇ ಈಜಬೇಕು. ಕಣ್ಣು ಅವರ ಮೇಲಿಂದ ಕದಲಬಾರದು. ಯಾಕಂದ್ರೆ ಅವರು ಒಳಗೆ ಹೋಗಿಬಿಟ್ಟರೆ, ಕೊನೆಗೆ ಕಂಡ ಜಾಗ ಯಾವುದು ಅಂತ ನಮಗೆ ಗೊತ್ತಿರಬೇಕು. ಕ್ಲಬ್ಬುಗಳಲ್ಲಿ ಪದಕ ಗೆದ್ದ ಹುಡುಗರು ಕುತ್ತಿಗೆ ನೋವು ಅಂತ ಕೂತರು. ನಾನು ಆರಾಮಾಗಿ ಹೋಗಿ ಬಂದೆ. ಮುಳುಗಿ ಪೂಲಿನ ತಳದಿಂದ ಇಟ್ಟಿಗೆ ಎತ್ತಿ ತರುವ ಅಭ್ಯಾಸವೂ ಅಷ್ಟೇ, ಕೊಡಕ್ಕಿಂತ ಸಲೀಸು.

ನಮ್ಮ ಬ್ಯಾಚಿನಲ್ಲಿ ಹಿರಿಯೂರಿನ ಹುಡುಗನೊಬ್ಬ ಇದ್ದ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933 ಆದ ಮೇಲೆ ಮೊದಲ ಸಲ? ಅದನ್ನು ನೋಡೋಕೆ ಬಂದ ಜನರನ್ನು ಕಂಡೇ ಅವನಿಗೆ ಈ ಕೋರ್ಸ್ ತಲೆಗೆ ಹೊಕ್ಕಿದ್ದಂತೆ. 'ಅಕ್ಕಾ, ಸೆಲ್ಫಿ ತೆಗೆಯೋರೆಲ್ಲ ನೀರಿಗೆ ಬೆನ್ನು ಹಾಕೇ ನಿಂತಿರ್ತಾರೆ' ಅನ್ನುತ್ತಿದ್ದ.

ಮುಳುಗುವವರು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟಕ್ಕಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ. ಕೈ ಎರಡೂ ಅಗಲಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಉಸಿರಿಗೇ ಪುರುಸೊತ್ತಿಲ್ಲದಾಗ ಕೂಗು ಎಲ್ಲಿಂದ ಬರಬೇಕು? ಹೀಗೆ 20ರಿಂದ 60 ಸೆಕೆಂಡ್, ಅಷ್ಟೇ. ಅದಕ್ಕೇ ಲೈಫ್‌ಗಾರ್ಡಿಗೆ 10/20 ಅಂತ ಒಂದು ಲೆಕ್ಕ. ತನ್ನ ಪಾಲಿನ ನೀರನ್ನು 10 ಸೆಕೆಂಡಿಗೆ ಒಂದು ಸಲ ಪೂರ್ತಿ ಕಣ್ಣಾಡಿಸಬೇಕು, ಅಪಾಯ ಕಂಡರೆ 20 ಸೆಕೆಂಡಿನಲ್ಲಿ ಅಲ್ಲಿರಬೇಕು. ಮೊಬೈಲ್ ನೋಡಿಕೊಂಡು ಕೂರುವ ಕೆಲಸ ಇದಲ್ಲ. ಹಿಂದೆ ಒಂದು ಪೂಲಿನಲ್ಲಿ ಲೈಫ್ ರಿಂಗನ್ನು ಕಳುವಾಗುತ್ತೆ ಅಂತ ಗೋಡೆಗೆ ಚೈನ್ ಹಾಕಿ ಬೀಗ ಜಡಿದಿದ್ದನ್ನು ನೋಡಿದ್ದೆ. ಆಗ ನಕ್ಕಿದ್ದೆ. ಈಗ ನಗು ಬರಲ್ಲ.

ಸಿಪಿಆರ್, ಅಂದರೆ ಉಸಿರು, ಎದೆಬಡಿತ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವ ತರಗತಿಯಲ್ಲಿ ಬೈಸಿಕೊಂಡೆ. ಎದೆ ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂಟಿಮೀಟರ್. ಜೋಳದ ರೊಟ್ಟಿ ಬಡಿದ ಕೈ, ತಾಳ ತಾನಾಗೇ ಬಂತು. ಆದರೆ ರೊಟ್ಟಿಗೆ ಮೊಣಕೈ ಮಡಚುತ್ತೇವೆ, ಇಲ್ಲಿ ಮಡಚಬಾರದು. ಮೈಭಾರವೆಲ್ಲ ನೆಟ್ಟಗೆ ಇಳಿಯಬೇಕು. 30 ಸಲ ಒತ್ತಿ 2 ಸಲ ಉಸಿರು. ನೀರಲ್ಲಿ ಮುಳುಗಿದವರಿಗೆ ಕೊರತೆ ಆಗಿರುವುದೇ ಗಾಳಿ, ಹಾಗಾಗಿ ಶುರು ಮಾಡುವುದೇ ಉಸಿರಿನಿಂದ. ಹೊಟ್ಟೆ ಅಮುಕಿ ನೀರು ತೆಗೆಯುವುದು, ಕಾಲು ಹಿಡಿದು ತಿರುಗಿಸುವುದು ಎಲ್ಲ ದಂಡ. ಹೆಣವನ್ನು ಉಪ್ಪಿನಲ್ಲಿ ಮುಚ್ಚಿದರೆ ಜೀವ ಬರುತ್ತೆ ಅನ್ನೋ ವಾಟ್ಸಾಪ್ ಮೆಸೇಜು ನನಗೇ ಎರಡು ಸಲ ಬಂದಿತ್ತು. ಅದನ್ನು ನಾನೂ ಫಾರ್ವರ್ಡ್ ಮಾಡಿದ್ದೆ ಅಂತ ಅಲ್ಲಿ ಬಾಯಿ ಬಿಡಲಿಲ್ಲ.

ಹಗ್ಗ ಎಸೆಯೋದರಲ್ಲಿ ಮಾತ್ರ ನಾನು ತೀರಾ ಕಳಪೆ. ಮನೆಗೆ ಬಂದ ಮೇಲೆ ಖಾಲಿ ಎಣ್ಣೆ ಕ್ಯಾನಿಗೆ ಮೂರು ಬೆರಳು ನೀರು ತುಂಬಿ, ಹಿಡಿಗೆ ತೇಲುವ ಪ್ಲಾಸ್ಟಿಕ್ ಹಗ್ಗ ಕಟ್ಟಿ ಬೀದಿಯಲ್ಲೇ ಅಭ್ಯಾಸ ಮಾಡಿದೆ. ಪಕ್ಕದ ಮನೆಯವರ ತುಳಸಿಕಟ್ಟೆಗೆ ಎರಡು ಸಲ ಬಿತ್ತು. ಆಮೇಲೆ ಗುರಿ ಕುದುರಿತು. ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಪಾಸಾದೆ.

ಆ ಬೇಸಿಗೆ ಅತ್ತೆಯ ತವರಿಗೆ ಹೋಗಿದ್ದೆವು. ಊರ ಪಕ್ಕದಲ್ಲೇ ಭದ್ರಾ ಚಾನಲ್. ಡ್ಯಾಮಿನಿಂದ ನೀರು ಬಿಟ್ಟಿದ್ದರು, ತುಂಬಿ ಹರಿಯುತ್ತಿತ್ತು. ಚಾನಲ್ ನೋಡೋಕೆ ಸಾಧು. ಆದರೆ ಇಳಿಜಾರು ಕಾಂಕ್ರೀಟಿನ ಮೇಲೆ ಪಾಚಿ. ಜಾರಿದವರಿಗೆ ಹಿಡಿಯೋಕೆ ಒಂದು ಹುಲ್ಲುಕಡ್ಡಿ ಸಿಗಲ್ಲ. ಬಟ್ಟೆ ಒಗೆಯುವಾಗ ತೇಲಿಹೋದ ಬಕೆಟಿಗೆ ಕೈ ಚಾಚಿ ಹತ್ತು ಹನ್ನೆರಡು ವರ್ಷದ ಹುಡುಗಿ ಜಾರಿದಳು. ಒಂದು ಸದ್ದಿಲ್ಲ. ನಾನು ಕೆಳಗಿನ ಮೆಟ್ಟಿಲಲ್ಲಿದ್ದೆ, ನೀರು ಹರಿಯುವ ಕಡೆಗೇ. ಕೈಯಲ್ಲಿ ಅತ್ತೆಯ ಸೀರೆ ಹಿಂಡುತ್ತಿದ್ದೆ. ತುದಿಗೆ ಗಂಟು ಹಾಕಿ, ಅವಳು ಬರುವ ದಾರಿಗೆ ಅಡ್ಡವಾಗಿ ಅವಳಿಂದ ಆಚೆಗೆ ಎಸೆದೆ. 'ಸೀರೆ ಹಿಡ್ಕೋ!' ಅಂತ ಕೂಗಿ ಮೆಟ್ಟಿಲಿಗೆ ಕಾಲು ಕೊಟ್ಟು ಕೂತುಬಿಟ್ಟೆ. ಹಿಡಿದಳು. ಹರಿವೇ ಅವಳನ್ನು ತಿರುಗಿಸಿ ದಡಕ್ಕೆ ತಂದು ಹಾಕಿತು. ನನ್ನ ಮೊಣಕಾಲ ಮೇಲೆ ಕೂಡ ನೀರು ಬರಲಿಲ್ಲ.

ಜನ ಸೇರಿದರು. ಒಬ್ಬರು, 'ಈಜು ಕಲಿಸೋರಂತೆ, ಜಿಗೀಲೇ ಇಲ್ಲ' ಅಂದಿದ್ದು ಕಿವಿಗೆ ಬಿತ್ತು. ಅತ್ತೆ ಅವರಿಗೆ ಸರಿಯಾಗಿ ಉತ್ತರ ಕೊಟ್ಟರು. ಆಮೇಲೆ ಸೀರೆ ಬಿಡಿಸಿ, ಅಂಚು ಹರಿದಿದ್ದ ಕಡೆ ಬೆರಳು ಹಾಕಿ ನೋಡುತ್ತಾ ನನ್ನ ಕಡೆ ತಿರುಗಿದರು. 'ಅಲ್ಲ ಕಣವ್ವಾ, ನಿನ್ನ ದುಪಟ್ಟಾ ಇರಲಿಲ್ವಾ?'