ಎಫ್‌ಪಿಜಿಎ ಪ್ರಯೋಗಗಳಲ್ಲಿ ಬಟನ್ ಸಂಕೇತವನ್ನು ಒಳಗೆ ತೆಗೆದುಕೊಳ್ಳುವ ಬಗೆ
ಎಫ್‌ಪಿಜಿಎ ಅಥವಾ ಸಿಪಿಎಲ್‌ಡಿ ಚಿಪ್‌ಗಳಲ್ಲಿ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಿಕೊಳ್ಳಬಹುದಾದ ಚಿಪ್‌ಗಳು) ಹೊಸದಾಗಿ ಪ್ರಯೋಗ ಮಾಡುತ್ತಿರುವವರು ಬಟನ್‌ನ ಸಂಕೇತವನ್ನು ನೇರವಾಗಿ ಸ್ಟೇಟ್ ಮಷೀನ್‌ಗೆ (ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವ ನಿಯಂತ್ರಣ ಸರ್ಕ್ಯೂಟ್) ಜೋಡಿಸಬಾರದೆಂದು ವಿನಂತಿಸುತ್ತೇನೆ. ಬಟನ್ ಒತ್ತುವ ಕ್ಷಣಕ್ಕೂ ಚಿಪ್‌ನ ಕೆಲಸಕ್ಕೆ ತಾಳ ಹಾಕುವ ಕ್ಲಾಕ್‌ಗೂ ಸಂಬಂಧವಿಲ್ಲದ ಕಾರಣ, ಕ್ಲಾಕ್‌ನ ಅಂಚಿಗೆ, ಅಂದರೆ ಅದರ ಮಟ್ಟ ಬದಲಾಗುವ ಕ್ಷಣಕ್ಕೆ, ತೀರ ಸಮೀಪದಲ್ಲಿ ಸಂಕೇತ ಬದಲಾದರೆ ಒಂದು ಬಿಟ್ ನೆನಪಿಡುವ ಫ್ಲಿಪ್‌ಫ್ಲಾಪ್ ಸೊನ್ನೆಯೂ ಅಲ್ಲದ, ಒಂದೂ ಅಲ್ಲದ ಅಸ್ಥಿರ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಉಳಿಯಬಹುದು. ಅದನ್ನೇ ಎರಡು ಕಡೆ ಓದುತ್ತಿದ್ದರೆ ಒಂದು ಕಡೆ ಸೊನ್ನೆಯಾಗಿಯೂ ಇನ್ನೊಂದು ಕಡೆ ಒಂದಾಗಿಯೂ ಕಾಣಬಹುದು. ಸಾಮಾನ್ಯ ಸಿಮ್ಯುಲೇಷನ್‌ನಲ್ಲಿ ಈ ದೋಷ ಕಾಣಿಸುವುದಿಲ್ಲವಾದ್ದರಿಂದ ಇದನ್ನು ಹುಡುಕುವುದು ನಿಜಕ್ಕೂ ಕಷ್ಟ. ಸಂಕೇತವನ್ನು ಒಂದರ ಹಿಂದೆ ಒಂದರಂತೆ ಎರಡು ಫ್ಲಿಪ್‌ಫ್ಲಾಪ್‌ಗಳ ಮೂಲಕ ಹಾಯಿಸಿ, ಎರಡನೆಯದರ ಔಟ್‌ಪುಟ್ಟನ್ನು ಮಾತ್ರ ಬಳಸಿರಿ.

ಇಷ್ಟರಿಂದ ಬಟನ್‌ನ ಪುಟಿತ ನಿಲ್ಲುವುದಿಲ್ಲ. ಲೋಹದ ಸಂಪರ್ಕಗಳು ಕೆಲವು ಮಿಲಿಸೆಕೆಂಡ್‌ಗಳ ಕಾಲ ಕೂಡುತ್ತ ಬಿಡುತ್ತ ಇರುವುದರಿಂದ, ಸಂಕೇತ ಸುಮಾರು 10 ಮಿಲಿಸೆಕೆಂಡ್ ಸ್ಥಿರವಾಗಿದ್ದರೆ ಮಾತ್ರ ಒಪ್ಪುವ ಕೌಂಟರ್ ಬೇಕು. 50 ಮೆಗಾಹರ್ಟ್ಸ್ ಕ್ಲಾಕ್‌ನಲ್ಲಿ ಅದು 5,00,000 ಆವರ್ತಗಳು. 19 ಬಿಟ್‌ಗಳ ಕೌಂಟರ್ ಸಾಕು. ನಡುವೆ ಸಂಕೇತ ಬದಲಾದರೆ ಎಣಿಕೆ ಸೊನ್ನೆಯಿಂದ ಆರಂಭವಾಗಬೇಕು. ಇದಕ್ಕೆಂದು ಲಾಜಿಕ್‌ನಿಂದ ನಿಧಾನವಾದ ಪ್ರತ್ಯೇಕ ಕ್ಲಾಕ್ ತಯಾರಿಸದೆ, ಮೂಲ ಕ್ಲಾಕನ್ನೇ ಉಳಿಸಿಕೊಂಡು ಎನೇಬಲ್ ಸಂಕೇತವನ್ನು (ಯಾವ ಕ್ಲಾಕ್ ಅಂಚಿನಲ್ಲಿ ಕೆಲಸ ಮಾಡಬೇಕೆಂದು ತಿಳಿಸುವ ಸಂಕೇತ) ಬಳಸುವುದು ಹೆಚ್ಚು ಸುರಕ್ಷಿತ.