ಒಂದು ಕೋಲು, ಎರಡು ಶಾಲೆ, ಭೂಮಿಯ ಸುತ್ತಳತೆ

ಏಳನೇ ತರಗತಿಯಲ್ಲಿ ಕೇಳಿ ನೋಡಿ: "ಸೂರ್ಯ ನೆತ್ತಿಯ ಮೇಲೆ ಬರೋದು ಎಷ್ಟು ಗಂಟೆಗೆ?" ಇಡೀ ತರಗತಿ "ಹನ್ನೆರಡಕ್ಕೆ" ಎನ್ನುತ್ತದೆ. ಬೆಂಗಳೂರಿನ ಮಟ್ಟಿಗೆ ಈ ಉತ್ತರ ವರ್ಷದ ಒಂದು ದಿನಕ್ಕೂ ಸರಿಹೊಂದುವುದಿಲ್ಲ. ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ವರ್ಷಕ್ಕೆ ಎರಡು ದಿನ. ಆಗಲೂ ಗಡಿಯಾರ ಹನ್ನೆರಡು ದಾಟಿರುತ್ತದೆ. ಇದನ್ನು ಬೋರ್ಡ್ ಮೇಲೆ ಬರೆದು ಹೇಳಬೇಡಿ. ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ. ಪಾಠ ಆಮೇಲೆ ಮಾಡಿದರಾಯಿತು.

ಬೇಕಾದದ್ದು ಜಾಸ್ತಿ ಏನಿಲ್ಲ. 1 ಮೀಟರ್ ಉದ್ದದ ನೇರ ಕೋಲು, ದಾರ, ಒಂದು ಕಲ್ಲು, ಸೀಮೆಸುಣ್ಣ, ಅಳತೆ ಟೇಪು, ಕೋನಮಾಪಕ. ನವೆಂಬರ್‌ನಿಂದ ಫೆಬ್ರವರಿವರೆಗಿನ ಯಾವುದಾದರೂ ಬಿಸಿಲಿನ ದಿನ ಆರಿಸಿಕೊಳ್ಳಿ.

ಹಂತ 1: ಕೋಲು ನಿಲ್ಲಿಸುವುದು

ಸಿಮೆಂಟ್ ನೆಲ ಅಥವಾ ತಾರಸಿಯಾದರೆ ಒಳ್ಳೆಯದು. ನೆಲ ಮಟ್ಟವಾಗಿದೆಯೇ ಎಂದು ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. ಕೋಲನ್ನು ಮಣ್ಣು ತುಂಬಿದ ಡಬ್ಬಿಯಲ್ಲಿ ನೆಟ್ಟರೂ ಆಗುತ್ತದೆ. ಆದರೆ ನೆಲದಿಂದ ಕೋಲಿನ ತುದಿಗೆ ಸರಿಯಾಗಿ 1 ಮೀಟರ್ ಇರಬೇಕು. ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟರೆ ಕೋಲು ವಾಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇಲ್ಲಿ ಅವಸರ ಮಾಡಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಸೂರ್ಯನನ್ನು ಯಾರೂ ನೇರವಾಗಿ ನೋಡಬಾರದು ಎಂದು ಮೊದಲೇ ಹೇಳಿಬಿಡಿ. ನಮ್ಮ ಕೆಲಸ ಇರುವುದು ನೆರಳಿನ ಜೊತೆ.

ಹಂತ 2: ನಿಜವಾದ ಮಧ್ಯಾಹ್ನ ಹುಡುಕುವುದು

ಬೆಳಿಗ್ಗೆ 10ಕ್ಕೆ ನೆರಳಿನ ತುದಿಗೆ ಗುರುತು ಹಾಕಿ. ಕೋಲಿನ ಬುಡವನ್ನು ಕೇಂದ್ರ ಮಾಡಿಕೊಂಡು, ಆ ಗುರುತಿನ ಮೇಲೆ ಹಾಯುವಂತೆ ದಾರದಿಂದ ವೃತ್ತ ಎಳೆಯಿರಿ. ನೆರಳು ಗಿಡ್ಡವಾಗುತ್ತಾ ವೃತ್ತದ ಒಳಗೆ ಬರುತ್ತದೆ, ಆಮೇಲೆ ಮತ್ತೆ ಉದ್ದವಾಗುತ್ತದೆ. ಮಧ್ಯಾಹ್ನ ಎರಡೂವರೆಯ ಆಸುಪಾಸಿನಲ್ಲಿ ತುದಿ ಇನ್ನೊಂದು ಕಡೆ ವೃತ್ತವನ್ನು ಮುಟ್ಟುತ್ತದೆ. ಅಲ್ಲಿಗೂ ಗುರುತು ಹಾಕಿ, ಸಮಯ ಬರೆದುಕೊಳ್ಳಿ.

ಎರಡು ಗುರುತುಗಳನ್ನು ಸೇರಿಸಿದರೆ ಪೂರ್ವ–ಪಶ್ಚಿಮ ಗೆರೆ ಸಿಗುತ್ತದೆ. ಅದರ ನಡುಬಿಂದುವಿನಿಂದ ಕೋಲಿನ ಬುಡಕ್ಕೆ ಎಳೆದದ್ದು ಉತ್ತರ–ದಕ್ಷಿಣ. ನಮ್ಮ ಹಳೆಯ ಜ್ಯೋತಿಷಿಗಳು ಶಂಕು ನೆಟ್ಟು ದಿಕ್ಕು ಕಂಡುಕೊಳ್ಳುತ್ತಿದ್ದದ್ದು ಇದೇ ರೀತಿ. ಎರಡು ಸಮಯಗಳ ನಡುವಿನ ಕ್ಷಣವೇ ನಿಮ್ಮ ಊರಿನ ಮಧ್ಯಾಹ್ನ. ಬೆಂಗಳೂರಿನಲ್ಲಿ ಡಿಸೆಂಬರ್ 22ರ ಹೊತ್ತಿಗೆ ಅದು ಸುಮಾರು 12:18.

ಯಾಕೆ ಹೀಗೆ? ನಮ್ಮ ಗಡಿಯಾರ ನಡೆಯುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದಲ್ಲಿ. ಬೆಂಗಳೂರು ಇರುವುದು 77.6ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹೆಚ್ಚುಕಡಿಮೆ 5 ಡಿಗ್ರಿಗೆ 20 ನಿಮಿಷ. ಇದರ ಮೇಲೆ ಭೂಮಿಯ ಓರೆ ಮತ್ತು ಅದರ ಕಕ್ಷೆಯ ಆಕಾರದಿಂದ ಇನ್ನಷ್ಟು ಏರುಪೇರು. ನವೆಂಬರ್ ಮೊದಲ ವಾರದಲ್ಲಿ ಮಧ್ಯಾಹ್ನ 12:03ಕ್ಕೇ ಬಂದರೆ, ಫೆಬ್ರವರಿ ನಡುವಿನಲ್ಲಿ 12:34 ಆಗುತ್ತದೆ.

ಹಂತ 3: ನೆರಳು ಅಳೆಯುವುದು

12ರಿಂದ 12:40ರವರೆಗೆ ಐದೈದು ನಿಮಿಷಕ್ಕೆ ತುದಿಗೆ ಗುರುತು ಹಾಕಿ. ಅತಿ ಗಿಡ್ಡ ನೆರಳನ್ನು ಅಳೆಯಿರಿ. ನಡುಮಧ್ಯಾಹ್ನದ ಆಚೀಚೆ ನೆರಳಿನ ಉದ್ದ ಹೆಚ್ಚು ಬದಲಾಗುವುದಿಲ್ಲ, ಹಾಗಾಗಿ ಒಂದೆರಡು ನಿಮಿಷ ತಪ್ಪಿದರೂ ಚಿಂತೆಯಿಲ್ಲ.

ತಲೆನೋವು ಬೇರೆ ಕಡೆ ಇದೆ. ನೆರಳಿನ ತುದಿ ಮಸುಕಾಗಿರುತ್ತದೆ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ಡಿಸೆಂಬರ್‌ನಲ್ಲಿ 1 ಮೀಟರ್ ಕೋಲಿನ ನೆರಳಿನ ತುದಿಯಲ್ಲಿ ಒಂದೂವರೆ ಸೆಂಟಿಮೀಟರ್‌ನಷ್ಟು ಮಬ್ಬು. "ಇಲ್ಲಿ ಮುಗೀತು", "ಇಲ್ಲ ಸಾರ್, ಅಲ್ಲಿ" ಎಂದು ಮಕ್ಕಳು ಜಗಳ ಆಡುತ್ತಾರೆ, ಆಡಲಿ ಬಿಡಿ. ಐದು ಜನರ ಅಳತೆ ತೆಗೆದುಕೊಂಡು ಸರಾಸರಿ ಮಾಡಿ. ಇಲ್ಲವೇ ರಟ್ಟಿನ ತುಂಡಿಗೆ ಸಣ್ಣ ತೂತು ಮಾಡಿ, ಆ ತೂತು 1 ಮೀಟರ್ ಎತ್ತರದಲ್ಲಿ ಇರುವಂತೆ ಕೋಲಿನ ತುದಿಗೆ ಅಂಟಿಸಿ. ರಟ್ಟಿನ ನೆರಳಿನ ನಡುವೆ ಸೂರ್ಯನ ಪುಟ್ಟ ಬಿಂಬ ಬೀಳುತ್ತದೆ. ಅದರ ನಡುವಿಗೆ ಗುರುತು ಹಾಕಿದರೆ ಜಗಳವೇ ಇಲ್ಲ.

ಡಿಸೆಂಬರ್ 22ರಂದು ಬೆಂಗಳೂರಿನಲ್ಲಿ ಸುಮಾರು 74 ಸೆಂ.ಮೀ. ನೆರಳು ಸಿಗಬೇಕು. ಕೋಲಿಗೆ 10 ಸೆಂ.ಮೀ., ನೆರಳಿಗೆ 7.4 ಸೆಂ.ಮೀ. ಇಟ್ಟು ನೋಟ್‌ಬುಕ್‌ನಲ್ಲಿ ಲಂಬಕೋನ ತ್ರಿಭುಜ ಬರೆಸಿ. ಕೋಲಿನ ತುದಿಯ ಕೋನ ಅಳೆದರೆ 36 ಡಿಗ್ರಿ ಚಿಲ್ಲರೆ. ಸೂರ್ಯ ನೆತ್ತಿಯಿಂದ ಅಷ್ಟು ಕೆಳಗಿದ್ದಾನೆ. ಹತ್ತನೇ ತರಗತಿಯವರಾದರೆ ಟ್ಯಾನ್ ಬಳಸಲಿ.

ಹಂತ 4: ಇನ್ನೊಂದು ಶಾಲೆಯ ಜೊತೆ ಸೇರುವುದು

ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಈಜಿಪ್ಟಿನ ಎರಡು ಊರುಗಳ ನೆರಳು ಹೋಲಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ನಮಗೆ ಬೆಂಗಳೂರು–ಬೀದರ್ ಇದೆ. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಮೈಸೂರು–ಕಲಬುರಗಿ ಜೋಡಿಯೂ ಹಾಗೆಯೇ. ದೆಹಲಿಯಲ್ಲೂ ಕನ್ನಡ ಶಾಲೆ ಇದೆ, ಬೆಂಗಳೂರಿನ ನೇರ ಉತ್ತರಕ್ಕೆ. ಮಂಜಿನ ಕಾಲ ಬಿಟ್ಟು ಫೆಬ್ರವರಿಯಲ್ಲಿ ಕೇಳಿ ನೋಡಬಹುದು.

ಎರಡೂ ಶಾಲೆಯವರು ಒಂದೇ ದಿನ ಅಳೆಯಬೇಕು. ಒಂದೇ ಗಂಟೆಗೆ ಅಳೆಯಬೇಕಿಲ್ಲ, ಅವರವರ ಮಧ್ಯಾಹ್ನ ಅವರವರಿಗೆ. ಡಿಸೆಂಬರ್ 22ಕ್ಕೆ ಬೀದರಿನ ನೆರಳು 88 ಸೆಂ.ಮೀ., ಕೋನ 41 ಡಿಗ್ರಿ ಚಿಲ್ಲರೆ. ವ್ಯತ್ಯಾಸ ಸುಮಾರು 5 ಡಿಗ್ರಿ. ಸೂರ್ಯನ ಕಿರಣಗಳು ಎರಡೂ ಊರಿಗೆ ಸಮಾನಾಂತರವಾಗಿ ಬರುವುದರಿಂದ, ಭೂಮಿಯ ಕೇಂದ್ರದಲ್ಲಿ ಎರಡು ಊರುಗಳ ನಡುವಿನ ಕೋನವೂ ಇಷ್ಟೇ. ಅಂದರೆ ಪೂರ್ತಿ ಸುತ್ತಿನ 72ರಲ್ಲಿ ಒಂದು ಪಾಲು.

ಇನ್ನು ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಅಳೆಸಿ, ನೇರ ದೂರ ಸುಮಾರು 550 ಕಿ.ಮೀ. ಬರುತ್ತದೆ. ಬಸ್ಸಿನ ದೂರ ಬೇಡ, ರಸ್ತೆ ಸುತ್ತಿ ಬಳಸಿ ಹೋಗುತ್ತದೆ. ಅಕ್ಷಾಂಶದಿಂದ ದೂರ ಲೆಕ್ಕ ಹಾಕುವುದಂತೂ ಬೇಡವೇ ಬೇಡ, ಅದು ಉತ್ತರ ನೋಡಿಕೊಂಡು ಲೆಕ್ಕ ಮಾಡಿದಂತೆ. 550ನ್ನು 72ರಿಂದ ಗುಣಿಸಿದರೆ 39,600 ಕಿ.ಮೀ. ಧ್ರುವಗಳ ಮೂಲಕ ಹಾಯುವ ನಿಜವಾದ ಸುತ್ತಳತೆ ಸುಮಾರು 40,008 ಕಿ.ಮೀ. ಕೋಲು, ದಾರದ ಕೆಲಸಕ್ಕೆ ಇದು ಸಾಲದೇ?

ಮಕ್ಕಳಿಗೆ 36,000 ಬರಬಹುದು, 44,000 ಬರಬಹುದು. ವ್ಯತ್ಯಾಸದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಉತ್ತರ ಶೇ 10ರಷ್ಟು ಆಚೀಚೆ ಆಗುತ್ತದೆ. ತಿದ್ದಿ ಸರಿಮಾಡಬೇಡಿ. ತಪ್ಪು ಎಲ್ಲಿಂದ ಬಂತೆಂದು ಹುಡುಕಿಸಿ. ಬೆಂಗಳೂರು–ತುಮಕೂರು ಜೋಡಿ ಬೇಡ ಎನ್ನುವುದೂ ಇದಕ್ಕೇ. ಅಲ್ಲಿ ಇರುವ ವ್ಯತ್ಯಾಸವೇ ಅರ್ಧ ಡಿಗ್ರಿಗಿಂತ ಕಡಿಮೆ.

ಹಂತ 5: ವರ್ಷವಿಡೀ ಅಳೆಯುವುದು

ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಅಳೆದು ಪಟ್ಟಿ ಮಾಡಿ. ಬೆಂಗಳೂರಿನಲ್ಲಿ ಮಾರ್ಚ್ 21ಕ್ಕೆ ನೆರಳು 23 ಸೆಂ.ಮೀ. ಜೂನ್ 21ಕ್ಕೆ 18 ಸೆಂ.ಮೀ.ಗಿಂತ ತುಸು ಜಾಸ್ತಿ, ಅದೂ ದಕ್ಷಿಣಕ್ಕೆ! ನಡುವೆ ಏಪ್ರಿಲ್ 24ರ ಸುಮಾರಿಗೆ ನೆರಳೇ ಇರುವುದಿಲ್ಲ. ಆಗ ಬೇಸಿಗೆ ರಜೆ, ಮಕ್ಕಳು ಅಜ್ಜಿ ಮನೆಯಲ್ಲೇ ಕೋಲು ನೆಡಲಿ. ಊರು ಉತ್ತರಕ್ಕಿದ್ದಷ್ಟೂ ಆ ದಿನ ಮುಂದೆ ಹೋಗುತ್ತದೆ, ಬೀದರಿನಲ್ಲಿ ಮೇ ಎರಡನೇ ವಾರ. ಬೆಂಗಳೂರಿಗೆ ಶೂನ್ಯ ನೆರಳು ಮತ್ತೆ ಬರುವುದು ಆಗಸ್ಟ್ 18ರ ಹೊತ್ತಿಗೆ. ಶಾಲೆಯೇನೋ ತೆರೆದಿರುತ್ತದೆ, ಮೋಡ ಬಿಡಬೇಕಷ್ಟೆ. ಆಚೀಚೆ ಎರಡು ದಿನವೂ ಕೋಲು ಸಿದ್ಧ ಇಟ್ಟುಕೊಳ್ಳಿ. ಆ ದಿನಗಳಲ್ಲಿ ನೆರಳು ಒಂದು ಸೆಂಟಿಮೀಟರ್ ಆಸುಪಾಸಿನಲ್ಲೇ ಇರುತ್ತದೆ.